ಮೋತ್ಯಾ ನಿಂತು ಕಾದ ದಾರಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಕುದುರೆಯ ಬೆನ್ನ ಮೇಲಿತ್ತು ಎಂದರೆ, ಮಕ್ಕಳೇ, ನೀವು ನಗುತ್ತೀರಿ. ನಗಿ, ಆದರೂ ನಿಜ. ಪಾತ್ರೆ, ಹಾಸಿಗೆ, ಎರಡು ಕೋಳಿ, ಎಲ್ಲವನ್ನೂ ಅದರ ಮೇಲೆ ಹೇರಿ, ಸುಗ್ಗಿ ಮುಗಿದ ಹೊಲಗಳನ್ನು ಹುಡುಕುತ್ತ ಸುರಪುರದ ಗುಡ್ಡಗಳಿಂದ ಶಹಾಪುರದ ಕಡೆಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದೆವು. ಮುಂದೆ ಅಪ್ಪ, ಕುದುರೆ ಹಿಡಿದು ಅಕ್ಕ, ಎಲ್ಲರಿಗಿಂತ ಹಿಂದೆ ನಮ್ಮ ನಾಯಿ ಮೋತ್ಯಾ. ಹಿಂದುಳಿದ ಮರಿಗಳನ್ನು ಕಾಯುವುದು ಅದರ ಕೆಲಸ.

ಆದರೆ ನಾನು ಹೇಳುತ್ತಿರುವ ದಿನ ಮೋತ್ಯಾ ಹಿಂದೆ ನಿಲ್ಲಲೊಲ್ಲದು. ನಾಲ್ಕು ದಿನದ ಕೆಳಗೆ ತೋಳವೊಂದು ಅದರ ಕಣ್ಣೆದುರೇ ಮರಿ ಹೊತ್ತೊಯ್ದಿತ್ತು, ಅಡ್ಡ ಹೋದ ಮೋತ್ಯಾನ ಕಿವಿಯನ್ನೂ ಹರಿದಿತ್ತು. ಅಕ್ಕ ಅರಿಶಿನ ಮೆತ್ತಿದ ಗಾಯ ಒಣಗಿತ್ತು, ಹೆದರಿಕೆ ಹೋಗಿರಲಿಲ್ಲ. ಬಾಲ ಮುದುರಿಕೊಂಡು ಕುದುರೆಯ ಹೊಟ್ಟೆಯ ಕೆಳಗೇ ನಡೆಯುತ್ತಿತ್ತು. ಹಗ್ಗ ಹಾಕಿ ಹಿಂದಕ್ಕೆ ಎಳೆದರೆ ನಿಂತಲ್ಲೇ ಉಚ್ಚೆ ಹೊಯ್ಯುತ್ತಿತ್ತು.

"ಸಂಜಿಗಿ ಯಾವ ಊರು ಬರ್ತದೋ ಅಲ್ಲೇ ಇದನ್ನ ಬಿಡ್ತೀನಿ. ಅಂಜೋ ನಾಯಿ ತಗೊಂಡು ಏನ್ ಮಾಡ್ಲಿ?" ಎಂದ ಅಪ್ಪ. ಅಪ್ಪ ಕೆಟ್ಟವನಲ್ಲ, ದಣಿದಿದ್ದ. ಮೋತ್ಯಾ ಕಾಯದೆ ಹೋದ ಮೇಲೆ ನಾಲ್ಕೂ ರಾತ್ರಿ ಅವನೇ ಎಚ್ಚರವಿದ್ದ.

ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು: "ಅದನ್ನ ಎಳಿಬ್ಯಾಡ. ನೀನೇ ಹೋಗಿ ಅದರ ಜಾಗಾದಾಗ ನಡಿ. ನಿನ್ನ ನೋಡಿ ಬರ್ತದ."

ಬೆಳಿಗ್ಗೆ ಹುಟ್ಟಿದ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಕೈಯಲ್ಲಿ ರೊಟ್ಟಿ ಚೂರು ಹಿಡಿದು, ಸ್ವಲ್ಪ ಸ್ವಲ್ಪವೇ ಹಿಂದುಳಿಯುತ್ತ ಬಂದೆ. ಕಾಲಿಗೆ ಚುಚ್ಚುವ ಜೋಳದ ಕೂಳೆ, ಬಾಯಿ ತುಂಬ ಕುರಿ ಎಬ್ಬಿಸಿದ ಧೂಳು. ಮೋತ್ಯಾ ನಾಲ್ಕು ಹೆಜ್ಜೆ ಬರುವುದು, ಮತ್ತೆ ಕುದುರೆಯ ಬಳಿ ಓಡುವುದು. ಮಧ್ಯಾಹ್ನದ ಹೊತ್ತಿಗೆ ಅಂತೂ ಹಿಂಡಿನ ಕೊನೆಯವರೆಗೆ ಬಂತು.

ಅಷ್ಟರಲ್ಲಿ ನನ್ನ ಕಾಲೇ ಸೋತಿತ್ತು. ಜಾಲಿ ಗಿಡದ ನೆರಳಲ್ಲಿ ಒಂದು ಗಳಿಗೆ ಎಂದು ಕುಳಿತವನು ಮರಿಯನ್ನು ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಹೋದೆ. ಕುರಿ ಕಾಯುವವನು ಮಾಡಬಾರದ ತಪ್ಪು. ಕಣ್ಣು ಬಿಟ್ಟಾಗ ಹಿಂಡು ಕಾಣಲಿಲ್ಲ. ಯಾವುದೋ ಊರಿನ ಎರಡು ನಾಯಿಗಳು ಮರಿಯನ್ನೇ ನೋಡುತ್ತ ಹತ್ತಿರ ಬರುತ್ತಿದ್ದವು. ನಡುವೆ ಮೋತ್ಯಾ ನಿಂತಿತ್ತು. ಅದರ ಕಾಲುಗಳು ನಡುಗುತ್ತಿದ್ದವು, ಬಾಲ ಇನ್ನೂ ಮುದುರಿಯೇ ಇತ್ತು, ಆದರೂ ಜಾಗ ಬಿಡಲಿಲ್ಲ. ಮೊದಲು ಗಂಟಲಲ್ಲೇ ಗುರುಗುಟ್ಟಿತು, ಆಮೇಲೆ ಬೊಗಳಿತು. ನಾಲ್ಕು ದಿನದಿಂದ ಕೇಳದಿದ್ದ ದನಿ. ಆ ನಾಯಿಗಳು ಹಿಂದೆ ಸರಿದವು, ನನಗೆ ಅಳು ಬಂತು.

ಮೋತ್ಯಾ ಹಿಂಡು ಹೋದ ದಾರಿ ಮೂಸುತ್ತ ಮುಂದೆ ನಡೆಯಿತು. ನಾನು ಹಿಂದುಳಿದಾಗಲೆಲ್ಲ ನಿಂತು, ತಿರುಗಿ ನೋಡಿ, ಕಾಯುತ್ತಿತ್ತು. ಎದುರಿಗೆ ಅಪ್ಪ ಓಡಿಬಂದ. "ಇದು ಬೊಗಳಿದ್ದು ಕೇಳೇ ಬಂದೀನಿ," ಎಂದು ಮರಿಯನ್ನು ನನ್ನಿಂದ ಎತ್ತಿಕೊಂಡ. ನಾಯಿಯ ಕಡೆ ನೋಡಿ ಹೇಳಿದ: "ಇರ್ಲಿ ಬಿಡು. ಹಿಂದ ನಡೀಲಿ."

ಈಗ ಆ ಹೊಲಗಳಿಗೆ ಕಾಲುವೆ ನೀರು ಬಂದು ಭತ್ತ ಬೆಳೆಯುತ್ತದೆ, ಕುರಿ ಹಾಯಲು ದಾರಿಯಿಲ್ಲ. ನಿಮ್ಮ ಮನೆ ನಿಂತಲ್ಲೇ ಇರುತ್ತದೆ, ಶಾಲೆಯ ವ್ಯಾನು ಬಾಗಿಲಿಗೇ ಬರುತ್ತದೆ. ನಾನೋ, ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಎರಡು ಕಡೆ ಕೂರುತ್ತೇನೆ. ಮೊನ್ನೆ ಸಂತೆಗೆ ಹೊರಟಾಗ ನೀವು ಮುಂದೆ ಓಡಿದಿರಿ. ತಿರುವಿನಲ್ಲಿ ನಿಂತು, ತಿರುಗಿ ನೋಡಿ, ನಾನು ಬರುವವರೆಗೂ ಕಾದಿರಿ. ನಿಮಗದು ನೆನಪಿರಲಿಕ್ಕಿಲ್ಲ. ನನ್ನ ಕಾಲಿಗೆ ನೆನಪಿದೆ.