‘ತೇಲು’ ಎಂದರು ಡಾಕ್ಟರು

ಚಳ್ಳಕೆರೆಗೆ ಸೊಸೆಯಾಗಿ ಬಂದ ಮೂರನೆಯ ವರ್ಷ ನನಗೆ ಅನ್ನ ನುಂಗುವುದು ನಿಂತುಹೋಯಿತು. ತುತ್ತು ಬಾಯಿಗಿಟ್ಟರೆ ಸಾಕು, ಗಂಟಲು ಬಿಗಿದುಕೊಳ್ಳುತ್ತಿತ್ತು. ಗಂಜಿ, ಮಜ್ಜಿಗೆ, ಅಂಬಲಿ, ಅಷ್ಟೇ ನನ್ನ ಊಟ. ದಾವಣಗೆರೆಯಲ್ಲಿ ಕೊಳವೆ ಇಳಿಸಿ ನೋಡಿದವರು ಒಳಗೆ ಏನೂ ಇಲ್ಲ ಎಂದರು. ತೊಂಬತ್ತರ ದಶಕದ ಕೊನೆ ಅದು. ಏನೂ ಇಲ್ಲ ಅಂದಮೇಲೆ ಗಾಳಿಯೋ ದೃಷ್ಟಿಯೋ ಇರಬೇಕೆಂದು ಬೀದಿಯವರೆಲ್ಲ ಸೇರಿ ತೀರ್ಮಾನ ಮಾಡಿದರು. ಅವರಿಗೆ ಬೇರೆ ಕೆಲಸವಿರಲಿಲ್ಲ.

ನಮ್ಮ ಬೀದಿಯ ವಯಸ್ಸಾದ ಡಾಕ್ಟರು ಮಾತ್ರ ಬೇರೆ ಹೇಳಿದರು. ಅವರು ಎಲ್ಲೋ ತರಬೇತಿ ಪಡೆದು ಬಂದು ಹಿಪ್ನಾಟಿಸಂ ಮಾಡುತ್ತಿದ್ದರು. “ಗಂಟಲಿಗೇನೂ ಆಗಿಲ್ಲ ತಾಯಿ, ಅಲ್ಲಿ ಭಯ ಕೂತೈತೆ. ಸಮ್ಮೋಹನ ಮಾಡಿ ಸಡಿಲ ಮಾಡೋಣ.” ನಮ್ಮ ಮನೆಯವರ ಕಿವಿಗೆ ಅದು ವಶೀಕರಣ ಎಂದೇ ಬಿತ್ತು. ಪಕ್ಕದ ಮನೆಯಾಕೆ ಬಂದು ಇನ್ನಷ್ಟು ಉಪ್ಪು ಖಾರ ಹಚ್ಚಿದಳು: “ಕಣ್ಣು ಮುಚ್ಚಿಸಿದ್ರೆ ಮುಗೀತು, ಹೊಟ್ಟೆಯಾಗಿರೋದೆಲ್ಲ ಬಾಯಿಗೆ ಬರ್ತೈತಂತೆ.”

ನನ್ನ ಹೊಟ್ಟೆಯಲ್ಲಿ ಒಂದು ಮಾತು ಇತ್ತು. ಒಂದು ವರ್ಷದ ಹಿಂದೆ, ನನ್ನ ಮಗನಿಗೆ ಹತ್ತು ತಿಂಗಳಿದ್ದಾಗ, ಅತ್ತೆ ಪಡಸಾಲೆಯಲ್ಲಿ ಶೇಂಗಾ ಬೀಜ ಹಸನು ಮಾಡುತ್ತಿದ್ದರು. ನಾನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದೆ. ಮಗು ರಗಳೆ ಮಾಡುತ್ತಿತ್ತು. ಸುಮ್ಮನಿರಲೆಂದು ಒಂದು ಬೀಜ ತಂದು ನಾನೇ ಅದರ ಕೈಗೆ ಕೊಟ್ಟೆ. ಅದು ಉಸಿರಿನ ದಾರಿಗೆ ಹೋಯಿತು. ಮಗು ನೀಲಿಯಾಯಿತು. ದಾವಣಗೆರೆ ಮುಟ್ಟುವವರೆಗೆ ಜೀವ ಹೇಗೆ ಹಿಡಿದುಕೊಂಡಿತೋ ನನಗೆ ಈಗಲೂ ತಿಳಿಯದು. ಬೀಜ ತೆಗೆದ ಮೇಲೆ, ಮಗುವಿಗೆ ಅದು ಸಿಕ್ಕಿದ್ದು ಹೇಗೆ ಎಂದು ಎಲ್ಲರೂ ಕೇಳಿದರು. “ಅತ್ತೆ ಹಸನು ಮಾಡ್ತಿದ್ರಲ್ಲ, ಅಲ್ಲಿಂದ ತಗೊಂಡಿರಬೇಕು” ಎಂದೆ. ಅತ್ತೆ ನನ್ನ ಮಾತನ್ನು ನಂಬಿಬಿಟ್ಟರು. ಅವತ್ತಿನಿಂದ ಅವರು ಮೊಮ್ಮಗನನ್ನು ಎತ್ತಿಕೊಳ್ಳಲಿಲ್ಲ.

ಹಾಗಾಗಿ ಡಾಕ್ಟರ ಹತ್ತಿರ ಹೋಗುವುದನ್ನು ಇವತ್ತು ಜ್ವರ, ನಾಳೆ ಮುಟ್ಟು ಎಂದು ಎರಡು ವಾರ ತಳ್ಳಿದೆ. ಮೂರನೆಯ ವಾರ ಅತ್ತೆಯೇ ಸೆರಗು ಸಿಕ್ಕಿಸಿ ಎದ್ದರು. “ಹಿಂಗೇ ಬಿಟ್ರೆ ಸತ್ತೋಗ್ತೀಯ. ಗಂಡಸಿನ ಮುಂದೆ ಒಬ್ಳೇ ಕಣ್ಣು ಮುಚ್ಚಿ ಕೂರೋದೂ ಬ್ಯಾಡ. ನಾನೂ ಬರ್ತೀನಿ ನಡಿ.” ಯಾರ ಮುಂದೆ ಆ ಮಾತು ಬರಬಾರದಿತ್ತೋ ಅವರೇ ನನ್ನ ಪಕ್ಕ ಬಂದು ಕೂತರು.

ಡಾಕ್ಟರು ಪೆನ್ನಿನ ಮುಚ್ಚಳ ತೋರಿಸಿ ಅದನ್ನೇ ನೋಡು ಎಂದರು. ಹತ್ತರಿಂದ ಹಿಂದಕ್ಕೆ ಅಂಕಿ ಎಣಿಸಿದರು. ರೆಪ್ಪೆ ಭಾರವಾದವು. ಹಲ್ಲು ಕಚ್ಚಿ ಹಿಡಿದಿದ್ದೆ, ಹಲ್ಲೂ ಸಡಿಲವಾಯಿತು. ಬಂತು, ಈಗ ಬಾಯಿಗೆ ಬಂತು ಎಂದುಕೊಂಡೆ. “ನಿನ್ನ ಬಲಗೈ ಹಗುರ ಆಗ್ತಾ ಐತೆ. ನೀರ ಮೇಲೆ ಎಲೆ ಇದ್ದಂಗೆ. ತೇಲು ತಾಯಿ... ತೇಲು... ತೇಲು.”

ನನ್ನ ತವರು ತೆಲುಗು ಮನೆ. ನಮ್ಮ ಕಡೆ ತೇಲು ಎಂದರೆ ಚೇಳು. ಮೊಳಕಾಲ್ಮೂರಿನಲ್ಲಿ ಮಗ್ಗದ ಗುಂಡಿಗೆ ಕಾಲು ಇಳಿಬಿಡುವ ಮೊದಲು ಅವ್ವ ದಿನವೂ ಪೊರಕೆ ಆಡಿಸಿ ನೋಡುತ್ತಿದ್ದಳು. ಅವಳು “ತೇಲು!” ಎಂದು ಕೂಗಿದರೆ ನಾವು ಮಕ್ಕಳೆಲ್ಲ ಕಟ್ಟೆ ಹತ್ತಬೇಕಿತ್ತು. ಮೂರು ವರ್ಷ ಕನ್ನಡದ ಮನೆಯಲ್ಲಿ ಬಾಳಿದ್ದೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ. ಡಾಕ್ಟರು ನನ್ನ ಬಲಗೈ ಮೇಲೆ ಚೇಳಿದೆ ಎಂದೇ ಕೇಳಿಸಿತು. “ಚೇಳು! ಚೇಳು!” ಎಂದು ಕಿಟಾರನೆ ಕಿರುಚಿ, ಕೈ ಕೊಡವುತ್ತಾ ಪಕ್ಕಕ್ಕೆ ಹಾರಿ ಅತ್ತೆಯ ಮಡಿಲಿಗೆ ಬಿದ್ದೆ.

ಅತ್ತೆ ನನ್ನನ್ನು ಅಪ್ಪಿ ಹಿಡಿದು ಬೆನ್ನು ಸವರಿದರು. “ಎಲ್ಲೈತೆ ಚೇಳು? ನಾನಿಲ್ವೇನೇ, ಹೆದರಬ್ಯಾಡ.” ಆಮೇಲೆ ಏನೋ ನೆನಪಾದವರಂತೆ ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು. “ನನ್ನ ಕೈಗುಣ ಒಳ್ಳೇದಲ್ಲ ಡಾಕ್ಟ್ರೇ, ನೀವೇ ನೋಡ್ರಿ.”

‘ತೇಲು’ ಎಂದರೆ ನಮ್ಮ ಕಡೆ ಚೇಳು ಎಂದು ನಾನು ಹೇಳಿದಾಗ ಡಾಕ್ಟರಿಗೆ ನಗು ಬಂತು. ನಗುತ್ತಲೇ ನನ್ನ ನಾಡಿ ಹಿಡಿದರು. “ಇದು ನಿದ್ದೆ ಅಲ್ಲಮ್ಮ. ನಿನಗೆ ಎಚ್ಚರ ಇತ್ತು, ಅದಕ್ಕೇ ಹಾರಿದೆ. ನೀನು ಒಲ್ಲೆ ಅಂದಿದ್ದನ್ನ ನಿನ್ನ ಬಾಯಿಂದ ತೆಗೆಯೋಕೆ ನನ್ನ ಕೈಲಾಗಲ್ಲ.”

ಬದುಕಿದೆ ಎನಿಸಿತು. ಮೆಟ್ಟಿಲು ಇಳಿದು ಬೀದಿಗೆ ಬರುವಷ್ಟರಲ್ಲಿ ಆ ಸಮಾಧಾನ ಹೋಗಿ ಅದಕ್ಕಿಂತ ದೊಡ್ಡ ಭಯ ಹಿಡಿಯಿತು. ತಾನಾಗಿ ಬಾಯಿಗೆ ಬಂದಿದ್ದರೆ ತಪ್ಪನ್ನು ಡಾಕ್ಟರ ಮೇಲೆ ಹಾಕಬಹುದಿತ್ತು. ಈಗ ನಾನೇ ಹೇಳಬೇಕು, ಇಲ್ಲವೇ ಅತ್ತೆ ಕೈ ಕಟ್ಟಿಕೊಂಡೇ ಸಾಯಬೇಕು.

ಗಂಟಲಿನ ಕಥೆ ಇಲ್ಲೇ ಮುಗಿಸಿಬಿಡುತ್ತೇನೆ. ಆಮೇಲೂ ಕೆಲವು ವಾರ ಡಾಕ್ಟರ ಹತ್ತಿರ ಹೋದೆ. ಅವರು ‘ತೇಲು’ ಬಿಟ್ಟು ‘ಹಗುರಾಗು’ ಎನ್ನುತ್ತಿದ್ದರು. ಅನ್ನ ನಿಧಾನವಾಗಿ ಇಳಿಯತೊಡಗಿತು. ಅದರಲ್ಲಿ ಅವರ ವಿದ್ಯೆಯ ಪಾಲೆಷ್ಟು, ಅವತ್ತು ನಾನು ಆಡಿದ ಮಾತಿನ ಪಾಲೆಷ್ಟು, ಗೊತ್ತಿಲ್ಲ.

ಅವತ್ತು ಮನೆ ಬಾಗಿಲಲ್ಲಿ ಅತ್ತೆ ಚಪ್ಪಲಿ ಬಿಡುತ್ತಿದ್ದಾಗ ಹೇಳಿದೆ. “ಆ ಬೀಜ ನಾನೇ ಕೊಟ್ಟಿದ್ದು ಅತ್ತೆ. ಸುಳ್ಳು ಹೇಳಿದೆ.” ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

ಹೊಡೆದರೆ ಸಾಕು ಎಂದು ಕಾದೆ. “ಒಂದು ವರ್ಷ ಕಣೇ” ಎಂದರು. “ಅವನು ನಡೆಯೋದು ಕಲ್ತ. ಎಷ್ಟು ಸಲ ಬಿದ್ದ. ಒಂದ್ಸಲಾನೂ ಎತ್ಲಿಲ್ಲ ನಾನು.”

ಮತ್ತೆ ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೋಗಿ, ಅಲ್ಲಿ ಬಿಟ್ಟಿದ್ದ ಮಗನನ್ನು ಎತ್ತಿಕೊಂಡು ಬಂದರು. ಅವನಿಗೆ ಆ ತೋಳು ಹೊಸದು. ಹೆದರಿ ಹೋ ಎಂದು ಅಳುತ್ತಾ, ಎರಡೂ ಕೈ ಚಾಚಿ ನನ್ನನ್ನು ಕರೆಯುತ್ತಿದ್ದ. ಅತ್ತೆ ಅವನನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ನಾನು ಮುಂದೆ ಹೋಗಲಿಲ್ಲ.