ಈ ಸಲ ಬೇವಿನ ಹೂ ಇಲ್ಲೇ ಬಿಟ್ಟಿತು

ದೆಹಲಿಗೆ ಬಂದ ಮೊದಲ ಯುಗಾದಿಯಂದು ನಾವು ಇನ್ನೇನು ವಿಷ ತಿನ್ನುವುದರಲ್ಲಿದ್ದೆವು. ಬೇವಿನ ಹೂ ತನ್ನಿ ಎಂದು ಕಳಿಸಿದರೆ ನನ್ನ ಗಂಡ ಕ್ವಾರ್ಟರ್ಸ್ ಹಿಂದಿನ ಮರದಿಂದ ನಸುನೇರಳೆ ಬಣ್ಣದ ಗೊಂಚಲು ಕಿತ್ತು ತಂದಿದ್ದರು. ಎಲೆ ಸುಮಾರಾಗಿ ಬೇವಿನ ಹಾಗೇ ಇತ್ತು. ಈ ಊರಿನ ಬೇವು ಹೀಗಿರಬಹುದು ಎಂದುಕೊಂಡು ಬೆಲ್ಲದ ಜೊತೆ ಕಲಸಿಟ್ಟೆ. ಬಾಗಿಲಿಗೆ ಬಂದ ತರಕಾರಿ ಭಯ್ಯಾ ಬಟ್ಟಲು ನೋಡಿ, "ಮೇಡಂಜೀ, ಯೇ ನೀಮ್ ನಹೀ, ಬಕಾಯನ್ ಹೈ! ಮತ್ ಖಾನಾ!" ಎಂದು ಕೂಗಿಕೊಂಡ. ಅದು ಬೇವಲ್ಲ, ಬೇವಿನಂತೆ ಕಾಣುವ ವಿಷದ ಮರವಂತೆ. ನಿಜವಾದ ಬೇವು ಅಡುಗೆಮನೆ ಕಿಟಕಿಯಾಚೆ ಎಲೆ ಉದುರಿಸಿಕೊಂಡು ಬೋಳಾಗಿ ನಿಂತಿತ್ತು. ಇಲ್ಲಿ ಅದು ಹೂ ಬಿಡುವುದು ಹಬ್ಬ ಮುಗಿದು, ಬಿಸಿಲು ಬಲಿತ ಮೇಲೆ ಎಂಬುದು ನಮಗೆ ತಿಳಿದಿರಲಿಲ್ಲ.

ಫೋನಿನಲ್ಲಿ ಇದನ್ನು ಕೇಳಿ ಹರಿಹರದಲ್ಲಿದ್ದ ನನ್ನ ಅಣ್ಣ ಬಿದ್ದು ಬಿದ್ದು ನಕ್ಕ. ಮರುವರ್ಷ ತನ್ನ ಹಿಟ್ಟಿನ ಗಿರಣಿಗೆ ಬೀಗ ಹಾಕಿ, ಎರಡು ರಾತ್ರಿ ರೈಲಿನಲ್ಲಿ ಕಳೆದು, ಹಬ್ಬದ ಹಿಂದಿನ ದಿನ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದು ನಿಂತ. "ಹೂ ಕೊಟ್ಟು ಹೋಗೋಣ ಅಂತ ಬಂದೆ," ಎಂದ, ಪಕ್ಕದ ಬೀದಿಯಿಂದ ಬಂದವನ ಹಾಗೆ. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದರೂ ಹೂ ಅರ್ಧ ಕಪ್ಪಾಗಿತ್ತು.

ಅಲ್ಲಿಂದ ಅದೇ ವಾಡಿಕೆಯಾಯಿತು. ಬಂದರೆ ನಾಲ್ಕು ದಿನ ಇರುತ್ತಿದ್ದ. ನಮ್ಮ ಡಬ್ಬದ ಆಟಾವನ್ನು ಬೆರಳಲ್ಲಿ ಉಜ್ಜಿ ನೋಡಿ "ಇದನ್ನ ಹಿಟ್ಟು ಅಂತಾರಾ?" ಎಂದು ಮೂಗು ಮುರಿಯುತ್ತಿದ್ದ. ನನ್ನ ಚಪಾತಿಯನ್ನು ಬೈಯುತ್ತಲೇ ಆರು ತಿನ್ನುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಎಂದು ಉಳಿದದ್ದು ಆ ನಾಲ್ಕು ದಿನಗಳೇ. ನಮ್ಮ ಮನೆತನದಲ್ಲಿ ಪ್ರೀತಿ ಬಾಯಿಗೆ ಬರುವುದಿಲ್ಲ. "ನಿನ್ನ ನೋಡಬೇಕು ಅನ್ನಿಸಿತು" ಎಂದು ಅಣ್ಣ ಏನಾದರೂ ಹೇಳಿದ್ದರೆ ನಾನು ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುತ್ತಿದ್ದೆ. ಅವನಿಗೆ ಬರಲು ಒಂದು ನೆಪ ಬೇಕಿತ್ತು, ನನಗೆ ಕರೆಯಲು.

ಈ ವರ್ಷ ಹಬ್ಬ ಮಾರ್ಚ್‌ನಲ್ಲಿ ಬಿತ್ತು. ಫೆಬ್ರವರಿಯಲ್ಲೇ ರಜಾಯಿ ಮಡಿಸಿಟ್ಟು ಫ್ಯಾನ್ ಹಾಕಿಕೊಂಡಿದ್ದೆವು. ಚಳಿಗಾಲ ಎಲ್ಲಿ ಹೋಯಿತು ಎಂದು ಆಫೀಸಿನಲ್ಲಿ ಎಲ್ಲರೂ ಗೊಣಗಿದರು, ನಾನೂ ಗೊಣಗಿದೆ. ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಾ ತಲೆ ಎತ್ತಿದರೆ ಕಿಟಕಿಯಾಚೆಯ ಬೇವಿನಲ್ಲಿ ಮೊಗ್ಗು. ಕೆಲವು ವರ್ಷಗಳಿಂದ ಮರ ಸ್ವಲ್ಪ ಸ್ವಲ್ಪವೇ ಅವಸರ ಮಾಡುತ್ತಿತ್ತು. ನಾನು ನೋಡಿಯೂ ನೋಡದ ಹಾಗೆ ಇದ್ದುಬಿಟ್ಟಿದ್ದೆ. ಈಗ ಹಳೆಯ ಎಲೆ ಪೂರ್ತಿ ಉದುರುವ ಮೊದಲೇ ಹೂ ಅರಳಿ, ಜೇನುನೊಣ, ಸೂರಕ್ಕಿಗಳೆಲ್ಲ ಬಂದು ಗದ್ದಲವೋ ಗದ್ದಲ. ನಾನು ಮಾತ್ರ ಕಿಟಕಿ ಮುಚ್ಚಿಬಿಟ್ಟೆ.

ಅಣ್ಣ ಫೋನ್ ಮಾಡಿದಾಗ ಸುಳ್ಳು ಹೇಳಿದೆ.

"ಇಲ್ಲಿ ಮರ ಇನ್ನೂ ಬೋಳಾಗೇ ಇದೆ ಅಣ್ಣ. ಯಾವತ್ತು ಹೊರಡ್ತೀಯ?"

ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ಪಕ್ಕದಿಂದ ಕೂಗಿದಳು: "ಮಾಮಾ, ಅಮ್ಮ ಝೂಠ್ ಹೇಳ್ತಿದಾಳೆ! ನೀಮ್‌ನಲ್ಲಿ ಬಹುತ್ ಸಾರೇ ಹೂ ಇದೆ!"

ಆ ಕಡೆಯಿಂದ ಅಣ್ಣ, "ಒಳ್ಳೇದೇ ಆಯ್ತು ಬಿಡು," ಎಂದ. "ಇಲ್ಲಿ ಹೂವೆಲ್ಲ ಆಗ್ಲೇ ಮುಗಿದು ಕಾಯಿ ಕಟ್ಟಿದೆ. ನಿಂಗೆ ಹೆಂಗೆ ಹೇಳೋದು ಅಂತ ಒದ್ದಾಡ್ತಿದ್ದೆ. ಹಂಗಾದ್ರೆ ಈ ಸಲ ನಾನು ಬರೋದು ಬೇಡ."

ಬಾ ಎನ್ನಬೇಕಿತ್ತು. "ಸರಿ ಬಿಡು" ಎಂದುಬಿಟ್ಟೆ. ಫೋನ್ ಇಟ್ಟು ಮಗಳಿಗೆ ಚೆನ್ನಾಗಿ ಬೈದೆ. ನಿಜ ಹೇಳಿದ್ದಕ್ಕೆ ಯಾಕೆ ಬೈಗುಳ ಎಂದು ಅವಳಿಗೆ ಅರ್ಥವಾಗಲಿಲ್ಲ, ಅದನ್ನು ಬಿಡಿಸಿ ಹೇಳುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ.

ಹಬ್ಬದ ಬೆಳಿಗ್ಗೆ ಗಂಡ ಕಿಟಕಿಯಿಂದಲೇ ಕೈಚಾಚಿ ಹೂ ಕಿತ್ತುಕೊಟ್ಟರು. ಎಂಥಾ ತಾಜಾ ಹೂ! ಒಂದೆಸಳೂ ಕಪ್ಪಾಗಿರಲಿಲ್ಲ. ಇಷ್ಟು ವರ್ಷ ಈ ಊರಿನಲ್ಲಿ ನಾನು ಬಯಸಿದ್ದು ಇದನ್ನೇ ಅಲ್ಲವೇ ಎಂದು ಬಾಯಿಗಿಟ್ಟರೆ, ಕಹಿಯೂ ಊರಿನದರಷ್ಟೇ ಖಡಕ್ಕಾಗಿತ್ತು. ಅಣ್ಣ ಇರಬೇಕಿತ್ತು ಎನಿಸಿ ಕಣ್ಣು ತುಂಬಿತು. ತಡೆಯಲಾಗದೆ ಫೋನ್ ಮಾಡಿದೆ.

"ಹೂ ಹೆಂಗಿದೆಯೇ?" ಎಂದ.

"ಇದಕ್ಕೆ ಕಹೀನೇ ಇಲ್ಲ ಅಣ್ಣ. ಮುಂದಿನ ವರ್ಷ ನೀನೇ ತಗೊಂಡು ಬಾ."

ಸುಳ್ಳೆಂದು ಅವನಿಗೆ ಗೊತ್ತಾಗಿರಬೇಕು. ಆದರೂ ಹೂವಿನ ಲೆಕ್ಕದಲ್ಲೇ ಉತ್ತರ ಕೊಟ್ಟ. "ಈಗೀಗ ಇಲ್ಲಿ ಶಿವರಾತ್ರಿ ಹೊತ್ತಿಗೇ ಉದುರೋಕೆ ಶುರು ಆಗುತ್ತೆ ಕಣೇ. ಹಬ್ಬದ ತನಕ ಉಳಿದ್ರೆ ತರ್ತೀನಿ."

ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಹೂ ಇಲ್ಲದಿದ್ರೂ ಬಾ ಅಣ್ಣ. ನಿನ್ನ ನೋಡಬೇಕು ನಂಗೆ."

ಆ ಕಡೆ ಗಿರಣಿ ನಿಲ್ಲಿಸಿದ್ದು ಕೇಳಿಸಿತು.

"ಬರಿಗೈಲಾ?" ಎಂದ ಅಣ್ಣ, ಗಾಬರಿಯಿಂದ.