ಪಾರಿವಾಳಗಳು ಮನೆ ಬಿಡಲಿಲ್ಲ

ಕೋಯಮತ್ತೂರಿನ ಹತ್ತಿರದ ನಮ್ಮ ಸೋಮನೂರಿನಲ್ಲಿ ಯಾರು ಕೆಮ್ಮಿದರೂ ಯಾಕೆಂದು ಕೇಳುವವರಿಲ್ಲ. "ಪಂಜು" ಎಂದುಬಿಡುತ್ತಾರೆ. ಪಂಜು ಎಂದರೆ ಹತ್ತಿ. ಮಗ್ಗದ ಶೆಡ್ಡಿನ ತೊಲೆಯ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ನಮ್ಮ ಹುಬ್ಬಿನ ಮೇಲೆ ಬಂದು ಕೂರುವ ಬಿಳಿ ಧೂಳು. ನನ್ನ ಗಂಡ ಕೆಮ್ಮತೊಡಗಿದಾಗ ನಾವೂ ಅದನ್ನೇ ಹೇಳಿದೆವು. ಅವರ ಅಪ್ಪ ಕೆಮ್ಮಿದ್ದರು, ದೊಡ್ಡಪ್ಪ ಕೆಮ್ಮಿದ್ದರು. ಈಗ ಇವರ ಸರದಿ ಎಂದುಕೊಂಡೆವು.

ಮನೆಗೆ ತಾಗಿಕೊಂಡೇ ನಮ್ಮ ಪವರ್‌ಲೂಮ್ ಶೆಡ್ಡು. ತಾರಸಿಯ ಮೇಲೆ ಅವರ ಪಾರಿವಾಳಗಳ ಗೂಡು. ನಮ್ಮ ಮನೆಯ ಕನ್ನಡದಲ್ಲಿ ಅವು ಪುರಾ. ತಮಿಳಿನಿಂದ ಬಂದು ನಮ್ಮದೇ ಆಗಿಹೋದ ಮಾತು. ಅವರು ಸಾಕಿದ್ದು ಪಂದ್ಯದ ಜಾತಿ. ಎಷ್ಟು ದೂರ ಒಯ್ದು ಬಿಟ್ಟರೂ ಹುಟ್ಟಿದ ಮನೆಯನ್ನು ಹುಡುಕಿಕೊಂಡು ಬರುತ್ತವೆ. ಸಂಜೆ ಮಗ್ಗ ನಿಂತ ಮೇಲೆ ಅವರು ಮುಖವನ್ನೂ ತೊಳೆಯದೆ ಮೇಲೆ ಹತ್ತುತ್ತಿದ್ದರು. ಗೂಡಿನೊಳಕ್ಕೆ ಬಗ್ಗಿ ನುಗ್ಗಿ, ಒಣಗಿದ ಹಿಕ್ಕೆಯನ್ನು ತಗಡಿನ ಚೂರಿನಿಂದ ಕೆರೆದು, ಗುಡಿಸಿ, ಸಜ್ಜೆ ಕಾಳು ಹಾಕಿ, ಒಂದನ್ನು ಎದೆಗೆ ಒತ್ತಿಕೊಂಡು ಕೂರುತ್ತಿದ್ದರು. ಮಗ್ಗದ ಸದ್ದಿನಲ್ಲಿ ಹಗಲೆಲ್ಲ ಕೂಗಿ ಮಾತಾಡುವ ಮನುಷ್ಯ ಅಲ್ಲಿ ಮಾತ್ರ ಪಿಸುಗುಡುತ್ತಿದ್ದರು.

"ನನ್ ಹತ್ರ ಒಂದ್ ದಿನಾನೂ ಇಂಗೆ ಮಾತಾಡ್ಲಿಲ್ಲೆ" ಎಂದು ನಾನು ಕೆಳಗಿನಿಂದ ಕೂಗುತ್ತಿದ್ದೆ.

"ನೀನೂ ಒಂದ್ ಜೊತೆ ರೆಕ್ಕೆ ಕಟ್ಕೊಂಡ್ ಬಾ, ಮಾತಾಡ್ತೀನಿ."

ಮೊದಮೊದಲು ಗೂಡು ಗುಡಿಸಿ ಇಳಿದ ಕೆಲವು ಗಂಟೆಗಳ ಮೇಲೆ ಅವರ ಮೈ ಬೆಚ್ಚಗಾಗುತ್ತಿತ್ತು, ಚಳಿ ಹತ್ತುತ್ತಿತ್ತು, ಒಣ ಕೆಮ್ಮು ಬರುತ್ತಿತ್ತು. ಬೆಳಿಗ್ಗೆಗೆ ಸರಿಹೋಗುತ್ತಿತ್ತು. ಆಮೇಲೆ ಬೆಳಿಗ್ಗೆಗೂ ಹೋಗದಾಯಿತು. ತಾರಸಿಯ ಮೆಟ್ಟಿಲನ್ನು ನಡುವೆ ನಿಂತು, ಗೋಡೆಗೆ ಕೈ ಕೊಟ್ಟು ಹತ್ತುವಂತಾಯಿತು. ಒಬ್ಬ ಡಾಕ್ಟರು ವೀಸಿಂಗ್, ಅಂದರೆ ಉಬ್ಬಸ ಎಂದು ಬಾಯಿಗೆ ಎಳೆದುಕೊಳ್ಳುವ ಮದ್ದು ಕೊಟ್ಟರು. ಕಡಿಮೆಯಾಗಲಿಲ್ಲ.

"ತರಿ ನಿಲ್ಸು ಅಮ್ಮಣಿ" ಎಂದರು ನಮ್ಮ ಅತ್ತೆ. ತರಿ ಎಂದರೆ ಮಗ್ಗ. "ಇವನಪ್ಪನ್ನ ನುಂಗಿದ್ದು ಸಾಕು. ಇವನ್ನಾದ್ರೂ ಬಿಡ್ಲಿ."

ಮಗ್ಗಗಳನ್ನು ಮಾರಿಬಿಟ್ಟೆವು. ಶೆಡ್ಡನ್ನು ನೀರು ಹಾಕಿ ತೊಳೆದೆ. ಅಷ್ಟು ವರ್ಷ ಸದ್ದಿನಲ್ಲಿದ್ದ ಮನೆ ಒಮ್ಮೆಗೇ ಮೌನವಾಯಿತು. ಅವರಿಗೆ ಒಳ್ಳೆಯ ಗಾಳಿ ಬೇಕೆಂದು ನಾನೂ ಅತ್ತೆಯೂ ಸೇರಿ ಒಂದು ಮಂಚವನ್ನು ತಾರಸಿಗೆ ಏರಿಸಿದೆವು. ಬಿಸಿಲು ತಾಗದ ಜಾಗ ಗೂಡಿನ ಪಕ್ಕದಲ್ಲೇ ಇತ್ತು. ಅಲ್ಲೇ ಹಾಕಿದೆವು.

ಆ ನಡುವೆ ಅವರ ತಂಗಿ ಅವರನ್ನು ಬೆಟ್ಟದ ಮೇಲಿನ ವಾಲ್ಪಾರೈಗೆ ಕರೆಸಿಕೊಂಡಳು. ಅವಳ ಗಂಡನಿಗೆ ಟೀ ಎಸ್ಟೇಟಿನಲ್ಲಿ ಕೆಲಸ. ಅಲ್ಲಿದ್ದಷ್ಟು ದಿನ ಅವರು ಎಸ್ಟೇಟಿನ ಲೈನ್ ಮನೆಗಳ ಏರನ್ನು ನಿಲ್ಲದೆ ಹತ್ತಿದರಂತೆ. ಘಾಟಿಯ ಬಸ್ಸಿನಿಂದ ಇಳಿದು ಮನೆಗೆ ಬಂದಾಗ ಮುಖ ಕಳೆಕಳೆಯಾಗಿತ್ತು. ವಾರ ಕಳೆಯುವುದರೊಳಗೆ ಮತ್ತೆ ಮೆಟ್ಟಿಲ ನಡುವೆ ನಿಂತರು.

"ಅಲ್ಲಿ ಪಂಜು ಇಲ್ಲೆ, ಅದಕ್ಕೇ" ಎಂದರು ಅತ್ತೆ.

ಎಲ್ಲರೂ ತಲೆಯಾಡಿಸಿದೆವು. ಆ ಹೊತ್ತಿಗೆ ನಮ್ಮ ಮನೆಯಲ್ಲೂ ಪಂಜು ಇರಲಿಲ್ಲ. 

ಕೊನೆಗೆ ಕೋಯಮತ್ತೂರಿನ ಶ್ವಾಸಕೋಶದ ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮನೆಯಲ್ಲಿ ಏನಾದರೂ ಸಾಕಿದ್ದೀರಾ ಎಂದು ತಮಿಳಿನಲ್ಲಿ ಕೇಳಿದರು. ನಾಯಿಯಿಲ್ಲ, ಬೆಕ್ಕಿಲ್ಲ ಎಂದರು ಇವರು. ಗಿಳಿ? ಕೋಳಿ? ಪಾರಿವಾಳ? ಇವರು ತಮ್ಮ ಮೊಣಕಾಲು ನೋಡುತ್ತ ಕೂತರು. ಇದೆ ಎಂದು ನಾನು ಹೇಳಿದೆ. ಪೆನ್ನು ಕೆಳಗಿಟ್ಟು ಡಾಕ್ಟರು ನಿಧಾನವಾಗಿ ವಿವರಿಸಿದರು. ಹಿಕ್ಕೆಯ ಮತ್ತು ಪುಕ್ಕದ ಧೂಳು ಎಲ್ಲರಿಗೂ ಹೀಗೆ ಮಾಡುವುದಿಲ್ಲ. ಇವರ ಮೈ ಅದರ ಮೇಲೆ ಜಗಳಕ್ಕೆ ನಿಂತಿದೆ. ಮೊದಲು ಶ್ವಾಸಕೋಶ ಊದಿಕೊಳ್ಳುತ್ತದೆ, ಬಿಡದೆ ಹೀಗೇ ಆಗುತ್ತಿದ್ದರೆ ಗಾಯ ಒಣಗಿದ ಚರ್ಮದ ಹಾಗೆ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳಬೇಕು. ಪಾರಿವಾಳ ಇರುವ ಕಡೆ ಇವರು ಇರಕೂಡದು.

ತಾರಸಿಯ ಮಂಚ ನನ್ನ ಕಣ್ಣ ಮುಂದೆ ಬಂತು.

ಸಿರುಮುಗೈಯಲ್ಲಿ ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುವ ಒಬ್ಬರು ಇವರಂತೆಯೇ ಪಾರಿವಾಳದ ಹುಚ್ಚಿನವರು. ಹಕ್ಕಿಗಳನ್ನು ಅವರಿಗೇ ಕೊಟ್ಟೆವು. "ಬಾಗ್ಲು ತೆಗೀಬೇಡಿ ಅಣ್ಣಾ, ಎಷ್ಟ್ ದಿನ ಆದ್ರೂ ತೆಗೀಬೇಡಿ" ಎಂದು ನಾನು ಕೈ ಮುಗಿದೆ. ಅವರು ತೆಗೆಯಲಿಲ್ಲ. ಆದರೆ ಒಂದು ಗಾಳಿಮಳೆಗೆ ಅಲ್ಲಿನ ಗೂಡಿನ ಜಾಲರಿ ಹರಿಯಿತು.

ಮರುದಿನ ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ. ತಲೆಯ ಮೇಲೆ ರೆಕ್ಕೆ ಬಡಿದ ಸದ್ದು. ಒಳಗೆ ಮಲಗಿದ್ದವರು ಎದ್ದರು. ನಾನು ಅಡ್ಡ ನಿಲ್ಲುವಷ್ಟರಲ್ಲಿ, ಅಷ್ಟು ದಿನ ಹತ್ತದಿದ್ದ ಮೆಟ್ಟಿಲನ್ನು ಹತ್ತಿಬಿಟ್ಟಿದ್ದರು. ಅವರ ಎದೆಯ ಸಿಳ್ಳು ಕೆಳಗಿನ ತನಕ ಕೇಳುತ್ತಿತ್ತು. ಅದರ ನಡುವೆಯೇ ನಗುತ್ತಿದ್ದರು. "ನೋಡೇ, ಬಂದ್ಬುಟ್ಟೋ!"

"ಕತ್ತು ತಿರುಗ್ಸಿ ಬಿಸಾಕು" ಎಂದರು ಅತ್ತೆ.

"ಮೊದ್ಲು ನನ್ ಕತ್ತು ತಿರುಗ್ಸಮ್ಮ."

"ನಿನ್ ಕತ್ತಲ್ಲಿ ಉಸ್ರೇ ಇಲ್ಲೆ, ತಿರುಗ್ಸೋಕೆ ಏನಿದೆ ಅಲ್ಲಿ?" ಎಂದ ಅತ್ತೆ ಮರುಕ್ಷಣವೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಗೂಡು ಕೆಡವಿಸಿದೆ. ಅವು ತಾರಸಿಯ ಗೋಡೆಯ ಮೇಲೆ ಕೂತವು. ಓಡಿಸಿದೆ. ಅವರು ಮಲಗುವ ಕೋಣೆಯ ಕಿಟಕಿಯ ಸಜ್ಜಾದ ಮೇಲೆ ಬಂದು ಕೂತವು. ಕಿಟಕಿ ಮುಚ್ಚಿದೆ. ಅವುಗಳ ಗುಟುರು ಒಳಗೆ ಬರುತ್ತಲೇ ಇತ್ತು. ಹಳೆಯ ಧೂಳು ಬಿರುಕಿನಲ್ಲೂ ಉಳಿದಿರುತ್ತದೆ, ಮನೆಯನ್ನೇ ಬಿಡಿ ಎಂದರು ಡಾಕ್ಟರು. ಹಕ್ಕಿಗಳು ಬಿಡಲಿಲ್ಲವಾದ್ದರಿಂದ ನಾವು ಬಿಟ್ಟೆವು. ಮನೆಗೆ ಬೀಗ ಹಾಕಿ ತಿರುಪ್ಪೂರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದೆವು. ಸುತ್ತ ಬನಿಯನ್ ಕಂಪನಿಗಳು. ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ವೈರುಗಳ ನಡುವೆ ಕಾಣುವ ಆಕಾಶವನ್ನು ನೋಡುತ್ತಿದ್ದರು. ಪಾರಿವಾಳ ಹುಡುಕಿಕೊಂಡು ಬರುವುದು ಮನೆಯನ್ನು, ಮನುಷ್ಯರನ್ನಲ್ಲ. ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಟೀ ಕುಡಿದು ಬರುತ್ತೇನೆಂದು ಹೋದವರು ಬರಲಿಲ್ಲ. ಸೋಮನೂರಿನ ಪಕ್ಕದ ಮನೆಯವರು ಫೋನು ಮಾಡಿದರು. ನಾನು ಹೋದಾಗ ಅವರು ಗೂಡಿದ್ದ ಜಾಗದಲ್ಲಿ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಒಂದು, ಹೆಗಲ ಮೇಲೆ ಒಂದು. ತುಟಿ ನೀಲಿಯಾಗಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದರು. ಮಾತಿಗೆ ಬೇಕಾದಷ್ಟು ಗಾಳಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಮಾಸ್ಕಿನೊಳಗಿಂದ ಅವರು ಆಡಿದ ಮೊದಲ ಮಾತು, "ಅವಕ್ಕೆ ನೀರ್ ಇಟ್ಯಾ?"

"ಇಡ್ತೀನಿ. ನಾನ್ ಓಗ್ತೀನಿ. ಇನ್ ನೀವ್ ಓಗಂಗಿಲ್ಲೆ. ನನ್ ಮೇಲೆ ಆಣೆ ಮಾಡಿ."

ಮಾಡಿದರು. ಅವರ ಕೈ ನನ್ನ ತಲೆಯ ಮೇಲೆ ಒಂದು ಒಣ ಬಟ್ಟೆಯಷ್ಟು ಹಗುರವಾಗಿತ್ತು.

ಈಗ ತಿರುಪ್ಪೂರಿನ ಮನೆಯಲ್ಲಿ ಆಮ್ಲಜನಕದ ಯಂತ್ರವಿದೆ. ಅದರ ಸದ್ದು ದೂರದ ಮಗ್ಗದ ಸದ್ದಿನಂತೆ ಕೇಳುತ್ತದೆ. ನಾನು ಬಸ್ಸು ಹತ್ತಿ ಸೋಮನೂರಿಗೆ ಹೋಗಿ, ಬೀಗ ತೆಗೆದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಾಳು ಹಾಕಿ, ನೀರಿಟ್ಟು ಬರುತ್ತೇನೆ. ಒಂದು ದಿನ ತಪ್ಪಿದರೆ ಅವರ ಕಣ್ಣು ತಮ್ಮ ಚಪ್ಪಲಿಯ ಕಡೆ ಹೋಗುತ್ತದೆ. ನನಗೆ ಅದರ ಭಯ. ಹಿಂತಿರುಗಿದಾಗ ಅತ್ತೆ ಹಿತ್ತಲಲ್ಲಿ ಬಕೆಟ್ಟು ನೀರು, ಒಗೆದ ಸೀರೆ ಇಟ್ಟಿರುತ್ತಾರೆ. ತಲೆಗೆ ಹೊಯ್ದುಕೊಂಡು, ಉಟ್ಟದ್ದನ್ನು ಅಲ್ಲೇ ನೆನೆಹಾಕಿ, ಯಾರನ್ನೂ ಮುಟ್ಟದೆ ಒಳಗೆ ಬರಬೇಕು. ಸಾವಿನ ಮನೆಗೆ ಹೋಗಿ ಬಂದವರು ಹೀಗೆ ಬರುತ್ತಾರೆ. ಅತ್ತೆಗೂ ನನಗೂ ಅದು ಗೊತ್ತು. 

ನಿನ್ನೆಯೂ ಹಾಗೇ ಬಂದೆ. ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು, ಅವರಿಂದ ದೂರ, ಹೊಸಿಲ ಹತ್ತಿರ ಕೂತೆ.

"ಬಂದಿದ್ವಾ?"

"ಬಂದಿದ್ವು."

"ಆ ಬೂದಿ ಹೆಣ್ಣು?"

"ಕಿಟಕಿ ಮೇಲೆ ಕಡ್ಡಿ ಸೇರಿಸ್ತಿದೆ. ಮೊಟ್ಟೆ ಇಡತ್ತೆ ಅನ್ಸತ್ತೆ."

ಅವರ ಮುಖ ಅರಳಿತು. ಇನ್ನೊಂದು ಪ್ರಶ್ನೆ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೆಮ್ಮು ಬಂತು. ನಾನು ಎದ್ದು ಹತ್ತಿರ ಹೋಗಲಿಲ್ಲ. ನನ್ನ ಕೂದಲಲ್ಲಿ ಇನ್ನೂ ಏನಾದರೂ ಉಳಿದಿದ್ದರೆ ಎಂದು, ಇದ್ದಲ್ಲೇ ಕೂತು, ಕೆಮ್ಮು ನಿಲ್ಲಲೆಂದು ಕಾದೆ.